ಕೆಲವೇ ಫೋಟೊಗಳಿಂದ ಎದ್ದು ನಿಲ್ಲುವ ಕಲ್ಲಿನ ರಥ

ಹಂಪಿಯ ವಿಜಯವಿಠ್ಠಲ ದೇಗುಲದ ಕಲ್ಲಿನ ರಥಕ್ಕೆ ಹಿಂದೆ ಇಟ್ಟಿಗೆಯ ಶಿಖರವಿತ್ತು. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ನೆಗೆಟಿವ್ ಮೇಲೆ ಹಿಡಿದ ಚಿತ್ರದಲ್ಲಿ ಅದು ಕಾಣುತ್ತದೆ. ಇಂದು ಆ ಶಿಖರ ಉಳಿದಿರುವುದು ಹಳೆಯ ಚಿತ್ರಗಳಲ್ಲಿ ಮಾತ್ರ.

ಚಿತ್ರದಿಂದಲೇ ಕಟ್ಟಡವನ್ನು ಅಳೆಯುವ ಯೋಚನೆ ಹುಟ್ಟಿದ್ದೂ ಅದೇ ಕಾಲದಲ್ಲಿ. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್‌ನ ಚರ್ಚನ್ನು ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬೌವರ್ ಮೇಲಿನಿಂದ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಗೋಡೆ ಹತ್ತದೆ ಫೋಟೊದಲ್ಲೇ ಏಕೆ ಅಳೆಯಬಾರದು ಎಂದು ಅವರಿಗೆ ಹೊಳೆಯಿತು.

ಇದರ ಒಳಗುಟ್ಟು ಸರಳ. ರಥದ ಚಕ್ರದ ಮೇಲೆ ಕೆತ್ತಿದ ಹೂವಿನ ಒಂದು ಎಸಳಿನ ತುದಿಯನ್ನು ಎಡಗಡೆಯಿಂದ ತೆಗೆದ ಫೋಟೊದಲ್ಲಿ ಗುರುತಿಸಬೇಕು. ಬಲಗಡೆಯ ಫೋಟೊದಲ್ಲೂ ಅದೇ ತುದಿಯನ್ನು ಹುಡುಕಬೇಕು. ಎರಡು ಕ್ಯಾಮೆರಾಗಳಿಂದ ಅದರತ್ತ ಎಳೆದ ಗೆರೆಗಳು ಕೂಡುವಲ್ಲಿ ಎಸಳಿನ ನಿಜವಾದ ಜಾಗವಿದೆ. ಕ್ಯಾಮೆರಾ ಎಲ್ಲಿತ್ತೆಂದು ಯಾರೂ ಬರೆದಿಡದಿದ್ದರೂ ಅಡ್ಡಿಯಿಲ್ಲ. ಎರಡು ಚಿತ್ರಗಳಲ್ಲಿ ಎಂಟು ಬಿಂದುಗಳು ಹೊಂದಿಕೆಯಾದರೆ ಕ್ಯಾಮೆರಾಗಳ ಪರಸ್ಪರ ನೆಲೆ ಸಿಗುತ್ತದೆ ಎಂದು ವಿಜ್ಞಾನಿ ಲಾಂಗೆ-ಹಿಗ್ಗಿನ್ಸ್ 1981ರಲ್ಲಿ ತೋರಿಸಿಕೊಟ್ಟರು. ಆದರೆ ನಿಜವಾದ ಗಾತ್ರ ಮಾತ್ರ ಚಿತ್ರದಿಂದಷ್ಟೇ ಸಿಗದು. ರಥ ಆಳೆತ್ತರದ್ದೋ ಆಟಿಕೆಯಷ್ಟರದ್ದೋ ತಿಳಿಯಲು ಸ್ಥಳದಲ್ಲಿ ಒಂದು ಕಡೆಯಾದರೂ ಟೇಪು ಹಿಡಿಯಲೇಬೇಕು.

ಬಯಲಿನಲ್ಲಿ ತೊಡಕು ಹೆಚ್ಚು. ಬಿಸಿಲು ಸರಿದಂತೆ ನೆರಳು ಸರಿಯುತ್ತದೆ, ಜನ ಅಡ್ಡ ಬರುತ್ತಾರೆ. ಒಂದೇ ಅಚ್ಚಿನಂತಿರುವ ಮಂಟಪದ ಕಂಬಗಳಲ್ಲಿ ಯಾವುದು ಯಾವುದೆಂದು ಬಿಂದುಗಳನ್ನು ಹೊಂದಿಸುವ ಕಂಪ್ಯೂಟರ್ ಗೊಂದಲಕ್ಕೆ ಬೀಳುತ್ತದೆ.

ಪ್ರವಾಸಿಗರು ಅಂತರ್ಜಾಲಕ್ಕೆ ಹಾಕಿದ ಫೋಟೊಗಳಿಂದಲೇ ಸ್ಮಾರಕಗಳ ಮೂರು ಆಯಾಮದ ರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಬಹುದೆಂದು 2006ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಭಾರತದಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆ ಹಂಪಿಯನ್ನೇ ಆರಿಸಿಕೊಂಡಿತು. ಐಐಟಿಗಳ ಜೊತೆಗೆ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜೂ ಅದರಲ್ಲಿ ದುಡಿಯಿತು. ಫೋಟೊಗಳಿಂದ ಮೂರು ಆಯಾಮದ ದೃಶ್ಯ ಕಟ್ಟುವ 2020ರ ನೆರ್ಫ್ (NeRF), 2023ರ ಗೌಸಿಯನ್ ಸ್ಪ್ಲಾಟಿಂಗ್ ವಿಧಾನಗಳು ಕಲ್ಲಿನ ಹೊಳಪನ್ನೂ ಹಿಡಿಯುತ್ತವೆ. ಅವನ್ನು ಅನುಸರಿಸಿ ಬಂದ ಕೆಲವು ವಿಧಾನಗಳಿಗೆ ಎರಡು ಮೂರು ಚಿತ್ರಗಳಿದ್ದರೂ ಸಾಕು. ಕಾಣದ ಭಾಗವನ್ನು ಅವು ಕಲಿತದ್ದರಿಂದ ಊಹಿಸಿ ತುಂಬುತ್ತವೆ. ಪರಂಪರೆಯ ವಿಷಯದಲ್ಲಿ ಈ ಊಹೆ ಅಪಾಯಕಾರಿ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಬೇರೆ ಬಣ್ಣದಲ್ಲಾದರೂ ತೋರಿಸಲೇಬೇಕು.

ಹಂಪಿಗೆ ಬಂದ ಬಹುತೇಕರು ರಥದ ಮುಂದೆ ನಿಂತೇ ಫೋಟೊ ತೆಗೆಸಿಕೊಳ್ಳುತ್ತಾರೆ; ಹಿಂಬದಿಯನ್ನು ಊಹಿಸಬೇಕಾಗಿ ಬರುವುದು ಅದಕ್ಕೇ. ಹಾಗಾಗಿ ಬಳ್ಳಾರಿ ಸೀಮೆಯ ದೇಶನೂರು, ಸಿರುಗುಪ್ಪ, ಕುರುಗೋಡಿನ ಮನೆಗಳ ಹಳೆಯ ಆಲ್ಬಮ್‌ಗಳಲ್ಲಿ ರಥದ ಹಿಂಬದಿಯ ಒಂದು ಚಿತ್ರ ಇದ್ದರೂ ಅದನ್ನು ಎಸೆಯದೆ ಕಾಪಾಡಿ.