ನಿಂತ ಕಾರಿನ ಬ್ಯಾಟರಿ ಬರಿದಾಗುವುದೇಕೆ?

ಆನೇಕಲ್ಲಿನ ಮನೆಯಲ್ಲಿ ಕಾರು ಬಿಟ್ಟು, ಕೊಯ್ಲಿಗೆಂದು ಬಸ್ಸಿನಲ್ಲಿ ತೋಟಕ್ಕೆ ಹೋಗುವ ಸದಸ್ಯ ಬಾಂಧವರು ಇದನ್ನು ಗಮನಿಸಬೇಕು. ಮರಳಿದಾಗ ಕಾರು ಸ್ಟಾರ್ಟ್ ಆಗದಿದ್ದರೆ, ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮುನ್ನ, ಆಮೇಲೆ ಹಾಕಿಸಿದ ಸ್ಟೀರಿಯೋ ಪರೀಕ್ಷಿಸಿರಿ.

ಸಾಮಾನ್ಯವಾಗಿ ಸ್ಟೀರಿಯೋದ ಹಳದಿ ತಂತಿ ಸದಾ ಬ್ಯಾಟರಿಗೆ ಸೇರಿರುತ್ತದೆ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರಬೇಕು. ಎರಡನ್ನೂ ಒಟ್ಟಿಗೆ ಜೋಡಿಸಿದ್ದರೆ ಕರೆಂಟು ಸೋರುತ್ತಲೇ ಇರಬಹುದು. ಅರ್ಧ ಆಂಪಿಯರ್ ಸೋರಿದರೂ 35 ಆಂಪಿಯರ್-ಗಂಟೆಯ ಬ್ಯಾಟರಿ 3 ದಿನದೊಳಗೆ ಬರಿದು.

ಕೀಲಿ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನಡುವೆ 10 ಆಂಪಿಯರ್‌ಗೆ ಇಟ್ಟ ಮಲ್ಟಿಮೀಟರ್ ಸೇರಿಸಿರಿ. ಆಗ ಎಂಜಿನ್ ಸ್ಟಾರ್ಟ್ ಮಾಡಕೂಡದು. ಅರ್ಧ ಗಂಟೆಯ ಮೇಲೂ 50 ಮಿಲಿಆಂಪಿಯರ್ ಮೀರಿದ್ದರೆ ಸ್ಟೀರಿಯೋ ಫ್ಯೂಸ್ ತೆಗೆಯಿರಿ. ಅಂಕಿ ಇಳಿದರೆ ಕಳ್ಳ ಸಿಕ್ಕಂತೆ. ಕೆಂಪು ತಂತಿಯನ್ನು ಕೀಲಿಯ ಲೈನಿಗೆ ಹಾಕಿಸಿಕೊಳ್ಳಿರಿ.