ಉಗ್ರಾಣಕ್ಕೆ ವಿದ್ಯುತ್ ಬೀಗ: ಕೊಳ್ಳುವ ಮುನ್ನ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಕಬಿನಿ ನಾಲೆಯ ಬಯಲಿನಲ್ಲಿ ಭತ್ತ, ಬಿತ್ತನೆ ಬೀಜ ಹಾಗೂ ರಸಗೊಬ್ಬರವನ್ನು ಉಗ್ರಾಣದಲ್ಲಿ ಕೂಡಿಡುವ ರೈತರು ಅನೇಕರಿದ್ದಾರೆ. ಅದರ ಬಾಗಿಲಿಗೆ ಈಗ ವಿದ್ಯುತ್ ಬೀಗ, ಇಂಟರ್‌ಕಾಂಗಳೂ ದೊರೆಯುತ್ತವೆ. ಕೊಳ್ಳುವ ಮುನ್ನ ಈ ಅಂಶಗಳನ್ನು ಗಮನಿಸಿರಿ.

1. ವಿದ್ಯುತ್ ಹೋದರೆ: ಅಯಸ್ಕಾಂತದ ಬೀಗವು ವಿದ್ಯುತ್ ನಿಂತೊಡನೆ ಹಿಡಿತ ಬಿಡುತ್ತದೆ. ಬ್ಯಾಟರಿ ಇಲ್ಲದಿದ್ದರೆ ರಾತ್ರಿ ಬಾಗಿಲು ತೆರೆದಿಟ್ಟಂತೆಯೇ. ವಿದ್ಯುತ್ ಇಲ್ಲದಾಗಲೂ ಹೊರಗಿನವರಿಗೆ ಮುಚ್ಚಿಯೇ ಇರುವ, ಕೀಲಿಕೈಯಿಂದಲೂ ತೆರೆಯಬಹುದಾದ ಬೀಗ ಉಗ್ರಾಣಕ್ಕೆ ಉತ್ತಮ. ಒಳಗಿದ್ದವರು ಮಾತ್ರ ಬರಿಯ ಹಿಡಿ ತಿರುಗಿಸಿ ಯಾವಾಗಲೂ ಹೊರಬರುವಂತಿರಬೇಕು.

2. ಬೆರಳಚ್ಚು: ದುಡಿಮೆಯಿಂದ ಸವೆದ, ಕೆಸರು ಮೆತ್ತಿದ ಬೆರಳನ್ನು ಯಂತ್ರ ಹಲವು ವೇಳೆ ಗುರುತಿಸದು. ಕಾರ್ಡು ಅಥವಾ ಗುಪ್ತ ಸಂಖ್ಯೆಯೇ ಅನುಕೂಲ. ತಯಾರಕರು ಕೊಟ್ಟ ಸಂಖ್ಯೆಯನ್ನು ಮೊದಲ ದಿನವೇ ಬದಲಾಯಿಸಿರಿ. ಕೆಲಸ ಬಿಟ್ಟವರ ಕಾರ್ಡನ್ನು ರದ್ದುಪಡಿಸಿರಿ.

3. ಇಂಟರ್‌ಕಾಂ: ಮನೆ, ಉಗ್ರಾಣ ಒಂದೇ ಆವರಣದಲ್ಲಿದ್ದರೆ ತಂತಿಯ ಇಂಟರ್‌ಕಾಂ ಸಾಕು, ಇಂಟರ್‌ನೆಟ್ ಬೇಕಿಲ್ಲ.

4. ಧೂಮೀಕರಣ: ಅಲ್ಯೂಮಿನಿಯಂ ಫಾಸ್ಫೈಡ್‌ನಿಂದ ಹೊರಡುವ ಫಾಸ್ಫೀನ್ ಅನಿಲ ಹುಳುಗಳನ್ನಷ್ಟೇ ಅಲ್ಲ, ಮನುಷ್ಯರನ್ನೂ ಕೊಲ್ಲುತ್ತದೆ, ತಾಮ್ರದ ತಂತಿ, ವಿದ್ಯುತ್ ಸಂಪರ್ಕಗಳನ್ನೂ ತಿಂದುಹಾಕುತ್ತದೆ. ಈ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಿರಿ. ಮೊದಲೇ ಬೀಗದ ವಿದ್ಯುತ್ ಭಾಗವನ್ನು ಬಿಚ್ಚಿ ತೆಗೆದಿಡಿ. ಒಳಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಸಾಮಾನ್ಯ ಬೀಗ ಜಡಿದು, ಎಚ್ಚರಿಕೆಯ ಫಲಕ ತೂಗುಹಾಕಿರಿ. ಆ ದಿನಗಳಲ್ಲಿ ಕೀಲಿಕೈ ಒಬ್ಬರ ಬಳಿಯೇ ಇರಲಿ.

ಕಳವಾದ ಭತ್ತವನ್ನು ಮತ್ತೆ ಬೆಳೆಯಬಹುದು. ಹೋದ ಜೀವ ಬಾರದು. ಆದ್ದರಿಂದ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು, ಒಳಗಿನಿಂದ ಅದು ಹೇಗೆ ತೆರೆಯುತ್ತದೆಂದು ಕೇಳಿರಿ.