ಗುದ್ದು ಕೊಡುವ ಗಾಲಿಕುರ್ಚಿ

ಕತ್ತು ಮುರಿದುಕೊಂಡವರು ಆಡುವ ರಗ್ಬಿಯ ಬಗ್ಗೆ 2005ರಲ್ಲಿ ಬಂದ ಸಾಕ್ಷ್ಯಚಿತ್ರ ‘ಮರ್ಡರ್‌ಬಾಲ್’. ಸೊಲ್ಲಾಪುರ–ಅಕ್ಕಲಕೋಟೆಯಲ್ಲಿ ಕೂತು ನೋಡಿದರೆ ಅದರಲ್ಲಿ ಕಾಣುವುದೇ ಬೇರೆ.

ಸೊಲ್ಲಾಪುರ ಸೀಮೆಯಲ್ಲಿ ಬೀಳಲು ದಾರಿ ಒಂದೆರಡಲ್ಲ. ಬೇಸಿಗೆ ಬಂತೆಂದರೆ ಹಾಸಿಗೆ ಮಾಳಿಗೆ ಏರುತ್ತದೆ, ನಿದ್ದೆಗಣ್ಣಲ್ಲಿ ಎದ್ದವನಿಗೆ ಅಂಚು ಕಾಣುವುದಿಲ್ಲ. ಹುಣಸೆ ಬಡಿಯಲು ಮರ ಹತ್ತಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದಿನ ದೀಪವೇ ಇಲ್ಲದೆ ರಾತ್ರಿ ರಸ್ತೆಗಿಳಿಯುತ್ತವೆ. ಒಂದು ಕಡೆ ಪುಣೆ–ಹೈದರಾಬಾದ್ ಹೆದ್ದಾರಿ 65, ಇನ್ನೊಂದು ಕಡೆ ವಿಜಯಪುರಕ್ಕೆ ಹೋಗುವ 52. ನಮ್ಮ ದೇಶದಲ್ಲಿ ಬೆನ್ನುಹುರಿಗೆ ಪೆಟ್ಟಾಗುವುದು ಹೆಚ್ಚಾಗಿ ಈ ಎರಡರಿಂದಲೇ: ಎತ್ತರದಿಂದ ಬಿದ್ದು, ಇಲ್ಲವೇ ರಸ್ತೆಯಲ್ಲಿ ಬಿದ್ದು.

ಬಿದ್ದವನನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಮಾತಾಡಿಸಲು ಮಂದಿ ಬರುತ್ತಾರೆ. ಹೊರಸಿನ ಪಕ್ಕ ಕೂತು, ಚಹಾದ ಬಸಿ ಕೈಯಲ್ಲಿ ಹಿಡಿದು, ಮಲಗಿದವನ ತಾಯಿಗೆ ಹೇಳುತ್ತಾರೆ: “ಹೆದರಬ್ಯಾಡವ್ವಾ, ಅಕ್ಕಲಕೋಟಿ ಸ್ವಾಮಿ ಸಮರ್ಥರು ಅದಾರ. ಎಲ್ಲಾ ಛಲೋ ಆಗತೈತಿ.” ಮಲಗಿದವನಿಗೆ ಕಿವಿ ಕೇಳುತ್ತದೆ, ಬಾಯಿಯೂ ಇದೆ. ಆದರೂ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಆ ಬೀದಿಯ ಮಟ್ಟಿಗೆ ಅವನ ಲೆಕ್ಕ ಅಲ್ಲಿಗೆ ಮುಗಿಯಿತು.

ಹೆನ್ರಿ ಅಲೆಕ್ಸ್ ರೂಬಿನ್ ಮತ್ತು ಡೇನಾ ಆಡಮ್ ಶಪಿರೊ ನಿರ್ದೇಶಿಸಿದ ‘ಮರ್ಡರ್‌ಬಾಲ್’ ಶುರುವಾಗುವುದೇ ಹಾಗೆ ಲೆಕ್ಕ ಮುಗಿದವರಿಂದ. ಸನ್‌ಡಾನ್ಸ್ ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗೆದ್ದು ಆಸ್ಕರ್ ನಾಮನಿರ್ದೇಶನದವರೆಗೂ ಹೋದ ಈ ಚಿತ್ರದಲ್ಲಿ ಕಣ್ಣೀರಿಗೆ ಪಿಟೀಲು ನುಡಿಸುವವರಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದಿದೆ, ಬೈಗುಳವಿದೆ. ಗಾಲಿಕುರ್ಚಿಯಲ್ಲಿರುವವನು ಹೆಣ್ಣಿನ ಜೊತೆ ಮಲಗುವುದು ಹೇಗೆ ಎಂಬ ವಿಷಯವನ್ನೂ ಇವರು ನಗುನಗುತ್ತ ಬಿಡಿಸಿ ಹೇಳುತ್ತಾರೆ. ನಮ್ಮಲ್ಲಿ ಈ ಪ್ರಶ್ನೆಯನ್ನು ಡಾಕ್ಟರೂ ಎತ್ತುವುದಿಲ್ಲ, ಮನೆಯವರೂ ಎತ್ತುವುದಿಲ್ಲ. ಹುಡುಗನ ಮನಸ್ಸಿನಲ್ಲಿ ಮಾತ್ರ ಅದು ದಿನವಿಡೀ ಇರುತ್ತದೆ.

ಆಟ ಹುಟ್ಟಿದ್ದು 1970ರ ದಶಕದ ನಡುವೆ, ಕೆನಡಾದ ವಿನಿಪೆಗ್ ಊರಲ್ಲಿ. ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ಆಗಲೇ ಇತ್ತು. ಆದರೆ ಚೆಂಡನ್ನು ಮೇಲಿನ ಬುಟ್ಟಿಗೆ ಎಸೆಯಲು ಕೈಯಲ್ಲಿ ಕಸುವು ಬೇಕು. ಕತ್ತಿನ ಮಟ್ಟದಲ್ಲಿ ಹುರಿಗೆ ಪೆಟ್ಟಾದವರಿಗೆ ಕಾಲಷ್ಟೇ ಅಲ್ಲ, ಕೈಯೂ ಅರ್ಧಂಬರ್ಧ. ಭುಜ ಆಡುತ್ತದೆ, ಬೆರಳು ಮಡಚುವುದಿಲ್ಲ. ತಂಡದಲ್ಲಿದ್ದರೂ ಬದಿಯಲ್ಲೇ ಕೂತಿರಬೇಕಾಗಿದ್ದ ಇಂಥವರೇ ತಮ್ಮದೊಂದು ಆಟ ಕಟ್ಟಿಕೊಂಡು ಅದಕ್ಕೆ ಮರ್ಡರ್‌ಬಾಲ್ ಎಂದು ಹೆಸರಿಟ್ಟರು. ಆ ಹೆಸರಿಗೆ ಪ್ರಾಯೋಜಕರು ಸಿಗುವುದು ಕಷ್ಟವಾದ್ದರಿಂದ ಮುಂದೆ ಅದು ಗಾಲಿಕುರ್ಚಿ ರಗ್ಬಿಯಾಯಿತು. 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ರದರ್ಶನವಾಗಿ ನಡೆದು, 2000ದ ಸಿಡ್ನಿಯಲ್ಲಿ ಪದಕದ ಆಟವಾಯಿತು.

ಅಂಗಳ ಬಾಸ್ಕೆಟ್‌ಬಾಲಿನದೇ, 28 ಮೀಟರ್ ಉದ್ದ, 15 ಮೀಟರ್ ಅಗಲ. ಚೆಂಡು ವಾಲಿಬಾಲಿನಷ್ಟು ದೊಡ್ಡದು. ಒಂದೊಂದು ಕಡೆ ನಾಲ್ವರು. ಚೆಂಡು ತೊಡೆಯ ಮೇಲಿಟ್ಟುಕೊಂಡು ಎರಡೂ ಗಾಲಿ ಗೆರೆ ದಾಟಿಸಿದರೆ ಗೋಲು. ಹತ್ತು ಸೆಕೆಂಡಿನೊಳಗೆ ಒಮ್ಮೆ ಪುಟಿಸಬೇಕು, ಇಲ್ಲವೇ ಇನ್ನೊಬ್ಬನಿಗೆ ಕೊಡಬೇಕು. ಮನುಷ್ಯನನ್ನು ಮುಟ್ಟಿದರೆ ತಪ್ಪು. ಕುರ್ಚಿಯಿಂದ ಕುರ್ಚಿಗೆ ಗುದ್ದಬಹುದು, ಜೋರಾಗಿಯೇ.

ಇಷ್ಟೇ ಆಗಿದ್ದರೆ ಇದೊಂದು ಜೋರಿನ ಆಟವಾಗಿ ಉಳಿಯುತ್ತಿತ್ತು. ಇದರ ನಿಜವಾದ ಚಮತ್ಕಾರ ಇರುವುದು ಲೆಕ್ಕದಲ್ಲಿ. ಪ್ರತಿ ಆಟಗಾರನ ಭುಜ, ಮೊಣಕೈ, ಮಣಿಕಟ್ಟು, ಬೆರಳು, ನಡು ಎಲ್ಲವನ್ನೂ ಪರೀಕ್ಷಿಸಿ ಅವನಿಗೊಂದು ಅಂಕ ಕೊಡುತ್ತಾರೆ. ತೀರ ಕಡಿಮೆ ಕಸುವಿದ್ದವನಿಗೆ 0.5, ಹೆಚ್ಚು ಇದ್ದವನಿಗೆ 3.5. ಅಂಗಳದಲ್ಲಿರುವ ನಾಲ್ವರ ಒಟ್ಟು ಮೊತ್ತ 8 ದಾಟುವಂತಿಲ್ಲ. ಈಗ ತರಬೇತುದಾರನ ತಲೆಯಲ್ಲಿ ಕೂತು ಯೋಚಿಸಿ. 3.5ರ ಇಬ್ಬರು ಹುಲಿಗಳನ್ನು ಇಳಿಸಿದಿರಿ, ಅಲ್ಲಿಗೆ 7 ಖರ್ಚಾಯಿತು. ಉಳಿದದ್ದು ಒಂದು. ಮಿಕ್ಕ ಇಬ್ಬರೂ 0.5ರವರೇ ಆಗಬೇಕು! ಅಂದರೆ ಹೊರಸಿನ ಮೇಲೆ ಮಲಗಿದ್ದ ಆ ಹುಡುಗನನ್ನು ಹುಡುಕಿಕೊಂಡು ತರಬೇತುದಾರ ತಾನಾಗಿ ಬರಬೇಕು, ಉಪಕಾರ ಮಾಡಲಿಕ್ಕಲ್ಲ, ಗೆಲ್ಲಲಿಕ್ಕೆ.

ಬಂದವನಿಗೆ ಕೆಲಸವೂ ಇದೆ. ಹೆಚ್ಚು ಅಂಕದವರ ಕುರ್ಚಿಗೆ ಮುಂದೆ ರೆಕ್ಕೆಯಂಥ ತಗಡು, ಯಾರ ಕೈಗೂ ಸಿಗದೆ ನುಣುಚಿಕೊಳ್ಳಲು. ಕಡಿಮೆ ಅಂಕದವರ ಕುರ್ಚಿಗೆ ಮುಂದೆ ಚಾಚಿದ ಬಂಪರು. ಅದನ್ನು ಎದುರಾಳಿಯ ಗಾಲಿಗೆ ಸಿಕ್ಕಿಸಿದರೆ ಆ ಕಡೆಯ ಹುಲಿ ಅಲ್ಲೇ ಕಟ್ಟುಬೀಳುತ್ತದೆ. ಒಂದು ಲೋಟ ಹಿಡಿಯಲಾರದ ಕೈ, ಅಂಟು ಸವರಿದ ಕೈಗವಸು ತೊಟ್ಟು ಗಾಲಿಯನ್ನು ಅಂಗೈಯಿಂದ ಒತ್ತಿ ತಳ್ಳುತ್ತ, ತನಗಿಂತ ಆರು–ಏಳು ಪಟ್ಟು ಅಂಕದವನನ್ನು ತಡೆದು ನಿಲ್ಲಿಸುತ್ತದೆ. ಬೇರೆ ಯಾವ ಆಟದಲ್ಲೂ ಇಷ್ಟು ನಿರ್ದಯವಾದ ನ್ಯಾಯವನ್ನು ನಾನು ಕಂಡಿಲ್ಲ.

ಚಿತ್ರದ ನಾಯಕ ಎನ್ನಬಹುದಾದವನು ಮಾರ್ಕ್ ಝೂಪಾನ್. ಹದಿನೆಂಟನೇ ವಯಸ್ಸಿನಲ್ಲಿ, 1993ರಲ್ಲಿ, ಗೆಳೆಯನ ಪಿಕಪ್ ಗಾಡಿಯ ಹಿಂಭಾಗದಲ್ಲಿ ನಿದ್ದೆ ಹೋಗಿದ್ದ. ಕುಡಿದಿದ್ದ ಗೆಳೆಯನಿಗೆ ಅದು ಗೊತ್ತಿಲ್ಲ, ಗಾಡಿ ಬಿಟ್ಟ, ಅಪಘಾತವಾಯಿತು. ಕಾಲುವೆಗೆ ಎಸೆಯಲ್ಪಟ್ಟ ಝೂಪಾನ್ ಕೊಂಬೆಯೊಂದನ್ನು ಹಿಡಿದುಕೊಂಡು ಹದಿಮೂರು ಗಂಟೆಗೂ ಹೆಚ್ಚು ಹೊತ್ತು ನೀರಿನಲ್ಲೇ ಇದ್ದ. ಆ ಗೆಳೆಯನನ್ನೂ ಚಿತ್ರ ತೆರೆಯ ಮೇಲೆ ತರುತ್ತದೆ. ಇಬ್ಬರ ನಡುವೆ ಹೇಳದೆ ಉಳಿದದ್ದು ಬಹಳ ಇದೆ, ಕ್ಯಾಮೆರಾ ಅದನ್ನು ಕೆದಕುವುದಿಲ್ಲ.

ನನಗೆ ಹೆಚ್ಚು ನಾಟಿದವನು ಮಾತ್ರ ಕೀತ್ ಕ್ಯಾವಿಲ್. ಮೋಟೋಕ್ರಾಸ್ ಬೈಕಿನಿಂದ ಬಿದ್ದು ಆಗಷ್ಟೇ ಪುನರ್ವಸತಿ ಕೇಂದ್ರ ಸೇರಿದ ಹುಡುಗ. ಚಿಕಿತ್ಸೆ ಮುಗಿಸಿ ಮನೆಗೆ ಬಂದರೆ ಅದೇ ಮನೆ ಬೇರೆಯವರದಾಗಿ ಕಾಣುತ್ತದೆ. ನಮ್ಮಲ್ಲಾದರೂ ಅದೇ ತಾನೆ, ಹೊಸ್ತಿಲು ಎಂದಿನಂತೆ ಇರುತ್ತದೆ, ದಾಟುವುದು ಮಾತ್ರ ಆಗುವುದಿಲ್ಲ. ಮುಂದೆ ಝೂಪಾನ್ ಕೇಂದ್ರಕ್ಕೆ ಬಂದು ಆಟದ ಕುರ್ಚಿ ತೋರಿಸುತ್ತಾನೆ. ಕೀತ್ ಅದರಲ್ಲಿ ಕೂರುತ್ತಾನೆ. ಗೀರು ಬಿದ್ದ, ನೆಗ್ಗಿದ, ಯಾವುದೋ ಯುದ್ಧದಿಂದ ಬಂದಂಥ ಕುರ್ಚಿ. ಅಲ್ಲಿಯವರೆಗೆ ಎಲ್ಲರೂ ಅವನನ್ನು ಗಾಜಿನ ಸಾಮಾನಿನಂತೆ ಎತ್ತಿ ಇಳಿಸಿದ್ದಾರೆ. ಈಗ ಅವನಿಗೆ ಏನನ್ನಾದರೂ ಗುದ್ದುವ ಆಸೆ. ಅವನ ಮುಖಕ್ಕೆ ಬಂದ ಕಳೆ ನೋಡಲಿಕ್ಕಾದರೂ ಈ ಚಿತ್ರ ನೋಡಬೇಕು.

ಸೊಲ್ಲಾಪುರಕ್ಕೆ ಬಲದ ಪರಿಚಯ ಹೊಸದೇನಲ್ಲ. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಸಿದ್ಧರಾಮೇಶ್ವರನ ಏಳು ನಂದಿಧ್ವಜಗಳು ಹೊರಟಾಗ, ಬಿಳಿ ಬಾರಾಬಂದಿ ತೊಟ್ಟವರು ಆ ಎತ್ತರದ ಕಂಬಗಳನ್ನು ನಡುವಿಗೆ ಆನಿಸಿಕೊಂಡು ತೂಗಿಸುತ್ತ ನಡೆಯುತ್ತಾರೆ. ನೋಡುವ ಊರಿಗೆ ಊರೇ ಉಸಿರು ಬಿಗಿಹಿಡಿದಿರುತ್ತದೆ. ಇಂಥ ಊರು ಅಂಗವಿಕಲನ ಮೈಯಲ್ಲಿರುವ ಬಲವನ್ನು ಗುರುತಿಸಲು ಯಾಕಿಷ್ಟು ತಡ ಮಾಡುತ್ತದೆ ಎಂಬುದು ನನಗೆ ಬಗೆಹರಿದಿಲ್ಲ.

ಗುರುತಿಸಲೇಬೇಕಾಗಿ ಬಂದದ್ದೂ ಉಂಟು. ಇದೇ ಜಿಲ್ಲೆಯ ಕರಮಾಳಾ ತಾಲ್ಲೂಕಿನ ಸುಯಶ್ ಜಾಧವ್ ಬಾಲ್ಯದಲ್ಲೇ ವಿದ್ಯುತ್ ಆಘಾತಕ್ಕೆ ಎರಡೂ ಕೈ ಕಳೆದುಕೊಂಡವರು. 2016ರಲ್ಲಿ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು, 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ 50 ಮೀಟರ್ ಬಟರ್‌ಫ್ಲೈ ಚಿನ್ನ ತಂದರು, 2020ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಪಕ್ಕದ ಸಾಂಗ್ಲಿಯ ಮುರಳೀಕಾಂತ್ ಪೇಟಕರ್ 1965ರ ಯುದ್ಧದಲ್ಲಿ ಗುಂಡು ತಿಂದು, 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಈಜಿ, ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ಗೆದ್ದರು. ಇಬ್ಬರೂ ಈಜುಗಾರರು ಎಂಬುದನ್ನು ಗಮನಿಸಿ. ನೀರಿಗಿಳಿದ ಮೇಲೆ ಕುರ್ಚಿ ಬೇಡ. ರಗ್ಬಿಗೆ ಕುರ್ಚಿಯೇ ಎಲ್ಲ.

ತೊಡಕು ಇಲ್ಲೇ. ನಮ್ಮ ಶಿಬಿರಗಳಲ್ಲಿ ಶಾಲು, ಹಾರ, ಫೋಟೊ ಸಮೇತ ಹಂಚುವ ಮಡಚುವ ಕುರ್ಚಿ ತಳ್ಳಿಸಿಕೊಳ್ಳಲು ಮಾಡಿದ್ದು. ಒಂದು ಗುದ್ದಿಗೆ ಅದು ಮಡಚಿಯೇ ಹೋಗುತ್ತದೆ. ಆಟದ ಕುರ್ಚಿಯ ಗಾಲಿಗಳು ಒಳಮುಖವಾಗಿ ವಾಲಿರುತ್ತವೆ, ಕಡ್ಡಿಗಳಿಗೆ ತಗಡಿನ ಮುಚ್ಚಳ, ಹಿಂದೆ ಮಗುಚದಂತೆ ಚಿಕ್ಕ ಗಾಲಿ, ಕೂತವನನ್ನು ನಡುವಿಗೂ ಕಾಲಿಗೂ ಬಿಗಿಯುವ ಪಟ್ಟಿ. ಪ್ರತಿಯೊಬ್ಬನ ಮೈಯಳತೆಗೆ ಮಾಡಿಸಬೇಕು. ಹೊರದೇಶದಿಂದ ತರಿಸಿದರೆ ಲಕ್ಷಗಟ್ಟಲೆ. ಆದರೆ ಚಿತ್ರದಲ್ಲಿ ಈ ಕುರ್ಚಿಗಳನ್ನು ಬೆಸುಗೆ ಹಾಕಿ, ಸುತ್ತಿಗೆಯಿಂದ ಬಡಿದು ಸರಿಮಾಡುವುದನ್ನು ನೋಡುವಾಗ ನನ್ನ ಮನಸ್ಸು ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಓಡಿತು. ಟವೆಲ್ ನೇಯುವ ಮಗ್ಗಗಳ ಬಿಡಿಭಾಗಕ್ಕೆ ಕೂತಲ್ಲೇ ಜೋಡಿ ಮಾಡಿಕೊಡುವ ಕೈಗಳು ಅಲ್ಲಿವೆ. ಅಳತೆ ಕೊಟ್ಟು ಕೇಳುವವರು ಬೇಕು.

ಗಂಡಸರ ಅಬ್ಬರವೇ ಹೆಚ್ಚಾಯಿತು ಎಂಬುದು ಚಿತ್ರದ ಮೇಲೆ ನನ್ನ ತಕರಾರು. ಆಟ ಹಾಗಿಲ್ಲ. ಹೆಣ್ಣು–ಗಂಡು ಒಂದೇ ತಂಡದಲ್ಲಿ ಆಡಬಹುದು, ಹೆಣ್ಣೊಬ್ಬಳು ಅಂಗಳದಲ್ಲಿದ್ದರೆ ತಂಡಕ್ಕೆ ಅರ್ಧ ಅಂಕದ ರಿಯಾಯಿತಿ. ಟೋಕಿಯೊದಲ್ಲಿ ಬ್ರಿಟನ್ನಿನ ಕೈಲಿ ಗ್ರೈಮ್ಸ್ ಚಿನ್ನ ಗೆದ್ದರು, 2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಜಪಾನ್ ತಂಡದಲ್ಲಿ ಕಾಯೆ ಕುರಾಹಾಶಿ ಇದ್ದರು.

ಇನ್ನು ಚಿತ್ರದಲ್ಲಿ ಬರುವ ಜೋ ಸೋರೆಸ್. ಪೋರ್ಚುಗಲ್‌ನಲ್ಲಿ ಹುಟ್ಟಿ, ಪೋಲಿಯೊ ತಗುಲಿ, ಅಮೆರಿಕದ ತಂಡದ ದೊಡ್ಡ ಆಟಗಾರನಾದವನು. ವಯಸ್ಸಾಯಿತೆಂದು ತಂಡದಿಂದ ಕೈಬಿಟ್ಟಾಗ ಕೋರ್ಟಿಗೆ ಹೋಗಿ ಸೋತ. ಆಮೇಲೆ ಗಡಿ ದಾಟಿ ಕೆನಡಾದ ತರಬೇತುದಾರನಾದ. 2002ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕೆನಡಾ ಅಮೆರಿಕವನ್ನು ಸೋಲಿಸಿತು. ಹಳೆಯ ಜೊತೆಗಾರರಿಗೆ ಅವನು ದ್ರೋಹಿ. 2004ರ ಅಥೆನ್ಸ್‌ನಲ್ಲಿ ಸೆಮಿಫೈನಲ್‌ನಲ್ಲೇ ಕೆನಡಾ ಮತ್ತೆ ಅಮೆರಿಕವನ್ನು ಕೆಡವಿತು. ಚಿನ್ನ ಮಾತ್ರ ನ್ಯೂಜಿಲೆಂಡ್ ಪಾಲಾಯಿತು, ಅಮೆರಿಕಕ್ಕೆ ಕಂಚು.

ಗಡಿಯ ಈ ಜಗಳ ಅಕ್ಕಲಕೋಟೆಗೆ ಅರ್ಥವಾಗುವಷ್ಟು ಬೇರೆಯವರಿಗೆ ಆಗಲಾರದು. 1967ರ ಮಹಾಜನ ಆಯೋಗದ ವರದಿ ಮಹಾರಾಷ್ಟ್ರದ ಈ ಊರು ಕರ್ನಾಟಕಕ್ಕೆ ಸೇರಬೇಕೆಂದಿತು. ಸೇರಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಹೆಣ್ಣು ಕೊಟ್ಟು ತರುವುದು ಕರ್ನಾಟಕದ ಇಂಡಿ, ಆಳಂದ, ಅಫಜಲಪುರಗಳ ಜೊತೆ. ಭಾರತದಲ್ಲೂ ಗಾಲಿಕುರ್ಚಿ ರಗ್ಬಿಗೆ ಒಕ್ಕೂಟವಿದೆ, ನಮ್ಮ ರಾಷ್ಟ್ರೀಯ ಪಂದ್ಯಗಳು ನಡೆಯುವುದು ರಾಜ್ಯವಾರು. ಅಕ್ಕಲಕೋಟೆಯ 0.5ರ ಹುಡುಗ ಆಡುವುದಾದರೆ ಮಹಾರಾಷ್ಟ್ರಕ್ಕೇ ಆಡಬೇಕು. ಇಂಡಿಯ ಸೋದರಮಾವನ ಮಗ ಕರ್ನಾಟಕದ ಜೆರ್ಸಿ ತೊಟ್ಟು ಚೆಂಡು ಹಿಡಿದು ಎದುರಿಗೆ ಬಂದರೆ, ಅವನ ಗಾಲಿಗೆ ಬಂಪರು ಸಿಕ್ಕಿಸಿ ಕಟ್ಟಿಹಾಕುವ ಕೆಲಸ ಇವನದೇ.